ಹಣೆಯ ಮೇಲಿನ ಗಾಗಲ್

ಸಂಜೆ ಆರರ ಮೇಲೆ ದುರ್ಗದಬೈಲಿಗೆ ಹೋದವರಿಗೆ ಗೊತ್ತು, ಅಲ್ಲಿ ಎಲ್ಲಕ್ಕಿಂತ ಮೊದಲು ಎಚ್ಚರಗೊಳ್ಳುವುದು ಮೂಗು. ಕಾದ ಎಣ್ಣೆಯಲ್ಲಿ ಮಿರ್ಚಿ ಬೀಳುವ ವಾಸನೆ ಬ್ರಾಡ್‌ವೇ ಕಡೆಯಿಂದ ಬರುವವರನ್ನೂ ದಾಜಿಬಾನ ಪೇಟೆ ಕಡೆಯಿಂದ ಬರುವವರನ್ನೂ ಒಂದೇ ಸಮ ಎಳೆಯುತ್ತದೆ. ಹೆಸರಿನಲ್ಲಿ ಬೈಲ್ ಇದ್ದರೂ ದೀಪಾವಳಿಯ ಮುಂದಿನ ದಿನಗಳಲ್ಲಿ ಅಲ್ಲಿ ಕಾಲಿಡಲು ಅಂಗೈಯಗಲ ಬಯಲು ಸಿಕ್ಕರೆ ಪುಣ್ಯ. ಅಂಥದೊಂದು ಸಂಜೆ ಗಿರ್ಮಿಟ್ ಪೊಟ್ಟಣ ಹಿಡಿದು ಒಂದು ಅಂಗಡಿಯ ಕಟ್ಟೆಗೆ ಒರಗಿ ನಿಂತಿದ್ದೆ. ಇದ್ದಕ್ಕಿದ್ದಂತೆ ಕಾಲ ಬುಡಕ್ಕೆ ಕಿಡಿಗಳು ಬಂದು ಬಿದ್ದವು. ಹಬ್ಬ ಇನ್ನೂ ನಾಲ್ಕು ದಿನ ಇರುವಾಗಲೇ ಯಾರಪ್ಪ ಸುರುಸುರುಬತ್ತಿ ಹಚ್ಚಿದವರು ಎಂದು ತಿರುಗಿ ನೋಡಿದರೆ, ಪಕ್ಕದ ಅಂಗಡಿಯ ಕೆಟ್ಟ ಶಟರ್ ರಿಪೇರಿ ನಡೆದಿತ್ತು. ಹತ್ತೊಂಬತ್ತು ಇಪ್ಪತ್ತರ ಒಬ್ಬ ಹುಡುಗ ಕುಕ್ಕರಗಾಲಿನಲ್ಲಿ ಕುಳಿತು ಗ್ರೈಂಡರ್ ಹಿಡಿದು ಕಬ್ಬಿಣದ ಪಟ್ಟಿ ಕೊಯ್ಯುತ್ತಿದ್ದ. ಮುಖ ಕಿಡಿಗಳ ದಾರಿಯಲ್ಲೇ ಇತ್ತು. ಕಣ್ಣು ಅರ್ಧ ಮುಚ್ಚಿದ್ದ. ಅಲ್ಲೇ ತಳ್ಳುಗಾಡಿಯಲ್ಲಿ ಮಾರುವಂಥ ಕಪ್ಪು ಕೂಲಿಂಗ್ ಗ್ಲಾಸೊಂದು ಅವನ ಹಣೆಯ ಮೇಲೆ ಮೆರೆಯುತ್ತಿತ್ತು.

ಕೆಲಸ ನಿಂತಾಗ ಕೇಳಿದೆ: "ಏನ್ ತಮ್ಮಾ, ಗಾಗಲ್ ಹಣೀ ಮ್ಯಾಲ ಐತಲ್ಲ, ಕಣ್ಣ ಮ್ಯಾಲ ಯಾಕ ಇಲ್ಲ?"

"ಹಾಕ್ಕೊಂಡ್ರ ಏನೂ ಕಾಣಂಗಿಲ್ರಿ ಕಾಕಾ. ಕತ್ತಲಾಗೇತಿ ನೋಡ್ರಿ."

"ಹಂಗಾರ ಹಣೀ ಮ್ಯಾಲ ಯಾಕ ಇಟ್ಟೀ?"

"ಮಾಲಕರು ಹಾಕ್ಕೋ ಅಂದಾರ್ರಿ."

ನಗು ಬಂತು. ಆದರೆ ಮನೆಗೆ ಹೋಗುವ ದಾರಿಯಲ್ಲಿ ಯೋಚಿಸಿದಷ್ಟೂ ಹುಡುಗ ಹೇಳಿದ್ದೇ ಸರಿ ಅನ್ನಿಸತೊಡಗಿತು. ಕತ್ತಲಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಚಕ್ರವನ್ನು ಕೈಯಲ್ಲಿ ಹಿಡಿಯುವುದು ಬುದ್ಧಿವಂತನ ಲಕ್ಷಣವಲ್ಲ. ಮಾಲಕ ಹೇಳಿದ್ದೂ ಸರಿ. ನಡುವೆ ತಪ್ಪಿದ್ದು ಆ ಕನ್ನಡಕ. ಕಣ್ಣಿನ ರಕ್ಷಣೆ ಎಂದರೆ ಕಪ್ಪು ಗಾಜು ಎಂದು ನಮ್ಮಲ್ಲಿ ಯಾರು ಯಾವಾಗ ಕಲಿಸಿದರೋ ಗೊತ್ತಿಲ್ಲ, ಬಿಸಿಲಿನ ಕನ್ನಡಕಕ್ಕೂ ಕೆಲಸದ ಕನ್ನಡಕಕ್ಕೂ 'ಗಾಗಲ್' ಎಂಬ ಒಂದೇ ಹೆಸರು ಇಟ್ಟು ಕುಳಿತಿದ್ದೇವೆ.

ಆ ಹುಡುಗನ ಗ್ರೈಂಡರಿನ ಲೆಕ್ಕ ಒಂದಿಷ್ಟು ಮಾಡಿ ನೋಡೋಣ. ನಮ್ಮ ಗ್ಯಾರೇಜು, ಶೆಡ್ಡುಗಳಲ್ಲಿ ಕಾಣುವ ಕೈಗ್ರೈಂಡರಿನ ಚಕ್ರ ನಾಲ್ಕು ಇಂಚಿನದು, ಅಂದರೆ 100 ಮಿಲಿಮೀಟರ್. ಅದು ನಿಮಿಷಕ್ಕೆ ಸುಮಾರು 11 ಸಾವಿರ ಸುತ್ತು ತಿರುಗುತ್ತದೆ. ಹಾಗಾದರೆ ಚಕ್ರದ ಅಂಚು ಸೆಕೆಂಡಿಗೆ 57 ಮೀಟರ್ ಓಡುತ್ತದೆ, ಗಂಟೆಗೆ 200 ಕಿಲೋಮೀಟರಿಗೂ ಮಿಕ್ಕಿ. ಆ ವೇಗದಲ್ಲಿ ಬಸ್ಸು ಬಿಟ್ಟರೆ ಬೆಳಿಗ್ಗೆ ಚಹಾ ಕುಡಿದು ಹುಬ್ಬಳ್ಳಿ ಬಿಟ್ಟವರು ಎರಡು ತಾಸಿನಲ್ಲಿ ಬೆಂಗಳೂರಿನಲ್ಲಿ ಇಳಿಯುತ್ತಾರೆ. ಆ ಅಂಚಿನಿಂದ ಕಿತ್ತು ಬಂದ ಚೂರು ಅರ್ಧ ಮೀಟರ್ ದೂರದ ಮುಖವನ್ನು ಮುಟ್ಟಲು ಸೆಕೆಂಡಿನ ನೂರನೇ ಒಂದು ಭಾಗ ಸಾಕು. ಕಣ್ಣು ಬೆದರಿ ರೆಪ್ಪೆ ಮುಚ್ಚಲು ಸೆಕೆಂಡಿನ ಹತ್ತನೇ ಒಂದು ಭಾಗವಾದರೂ ಬೇಕು. "ನಾ ಕಣ್ಣ ಮುಚ್ಚಿಬಿಡ್ತೇನ್ರಿ, ಇಪ್ಪತ್ತು ವರ್ಷ ಆತು, ಏನೂ ಆಗಿಲ್ಲ" ಎನ್ನುವ ಹಿರಿಯ ಮಿಸ್ತ್ರಿಗಳು ಇದ್ದಾರೆ. ಅವರ ಕಣ್ಣು ಉಳಿದದ್ದು ದೈವ ದೊಡ್ಡದಿದ್ದುದರಿಂದ, ರೆಪ್ಪೆ ಚುರುಕಾಗಿದ್ದುದರಿಂದಲ್ಲ.

ಬಂದ ಚೂರು ಬಡಿಯುವುದು ಎಲ್ಲಿಗೆ? ಕಣ್ಣಿನ ಮುಂಭಾಗದಲ್ಲಿ ಕೈಗಡಿಯಾರದ ಗಾಜಿನಂತೆ ಕುಳಿತಿರುವ ಕಾರ್ನಿಯಾ ಎಂಬ ತೆಳು ಪಾರದರ್ಶಕ ಭಾಗಕ್ಕೆ. ನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಕಬ್ಬಿಣದ ಚೂರು ಅದರಲ್ಲಿ ನಾಟಿಕೊಂಡರೆ ಉಸುಕು ಬಿದ್ದಂತೆ ಚುಚ್ಚುತ್ತದೆ, ನೀರು ಸುರಿಯುತ್ತದೆ. ಆಗ ಏನು ಮಾಡುತ್ತೇವೆ? ಪಕ್ಕದ ಲೇಥಿನವನನ್ನು ಕರೆಯುತ್ತೇವೆ. ಅವನು ರೆಪ್ಪೆ ಎತ್ತಿ ಕರವಸ್ತ್ರದ ತುದಿಯಿಂದಲೋ, ಬೆಂಕಿಕಡ್ಡಿಯಿಂದಲೋ, ಇನ್ನೂ ಧೈರ್ಯವಂತನಾದರೆ ಸೂಜಿಯಿಂದಲೋ ತೆಗೆದುಕೊಟ್ಟು ಚಹಾ ಕುಡಿಸಿ ಕಳಿಸುತ್ತಾನೆ. ಪ್ರತಿ ಇಂಜಿನಿಯರಿಂಗ್ ಶೆಡ್ಡಿನಲ್ಲೂ ಇಂಥ ಒಬ್ಬ 'ಕಣ್ಣಿನ ಡಾಕ್ಟರ್' ಇದ್ದೇ ಇರುತ್ತಾನೆ, ಅವನಿಗೆ ಒಳ್ಳೆಯ ಹೆಸರೂ ಇರುತ್ತದೆ. ಆದರೆ ಕಬ್ಬಿಣ ಕೆಲವು ತಾಸುಗಳಲ್ಲೇ ತುಕ್ಕು ಬಿಡಲು ಶುರು ಮಾಡಿ ಸುತ್ತ ಕಂದು ಬಳೆಯೊಂದನ್ನು ಮೂಡಿಸುತ್ತದೆ. ಚೂರು ಹೊರಬಂದರೂ ಬಳೆ ಉಳಿಯುತ್ತದೆ. ಬೆಂಕಿಕಡ್ಡಿಯಿಂದ ಹುಣ್ಣಾಗಿ ಕೀವಾದರೆ, ವಾಸಿಯಾದ ಮೇಲೂ ಅಲ್ಲೊಂದು ಬಿಳಿಯ ಕಲೆ ಕಾಯಂ. ಅದು ಪಾಪೆಯ ಎದುರಿಗೇ ಬಂದರೆ ಮಂಜು ಮುಸುಕಿದ ಗಾಜಿನ ಹಿಂದೆ ಬದುಕಿದಂತೆ.

ಇದಕ್ಕಿಂತ ಮೋಸದ್ದು ಇನ್ನೊಂದಿದೆ. ಸುತ್ತಿಗೆಯಿಂದ ಚಾಣ ಹೊಡೆಯುವಾಗ ಸಿಡಿಯುವ ಕಬ್ಬಿಣದ ಸಿಬರು ಕೆಲವು ಸಲ ಕಾರ್ನಿಯಾವನ್ನು ತೂರಿ ಕಣ್ಣಿನ ಒಳಗೇ ಹೋಗಿ ಕೂರುತ್ತದೆ. ತೂತು ಅಷ್ಟು ಸಣ್ಣದು, ನೋವು ಅಷ್ಟು ಕಡಿಮೆ, "ಏನೋ ತಾಗಿದಂಗಾತು" ಎಂದು ಮನುಷ್ಯ ಮತ್ತೆ ಕೆಲಸಕ್ಕೆ ಕೂರುತ್ತಾನೆ. ತಿಂಗಳುಗಳು ಕಳೆದ ಮೇಲೆ ಒಳಗಿನ ತುಕ್ಕು ಅಕ್ಷಿಪಟಲವನ್ನು ತಿನ್ನತೊಡಗಿದಾಗ ನೋಟ ಮಂದವಾಗುತ್ತದೆ. ಅದಕ್ಕೇ ಎಂ.ಆರ್.ಐ. ಯಂತ್ರದೊಳಗೆ ಮಲಗಿಸುವ ಮೊದಲು, "ಎಂದಾದರೂ ಕಬ್ಬಿಣ ಉಜ್ಜುವ, ಕೊಯ್ಯುವ ಕೆಲಸ ಮಾಡಿದ್ದೀರಾ? ಕಣ್ಣಿಗೆ ಚೂರು ಬಿದ್ದಿತ್ತೇ?" ಎಂದು ಕೇಳುತ್ತಾರೆ. ಆ ಯಂತ್ರದ ಅಯಸ್ಕಾಂತ ಒಳಗೆ ಉಳಿದ ಚೂರನ್ನು ಎಳೆದಾಡೀತು ಎಂಬ ಭಯ. ನಿಮ್ಮಲ್ಲಿ ಯಾರಾದರೂ ಹಳೆಯ ಫಿಟರುಗಳಿದ್ದರೆ ಈ ಮಾತನ್ನು ಮನೆಯವರಿಗೂ ಹೇಳಿಡಿ.

ನಮ್ಮ ಕಡೆ ಕಣ್ಣಿನ ವಿಷಯದಲ್ಲಿ ಒಂದು ಧೈರ್ಯ ಬೇರೂರಿದೆ. ಅದಕ್ಕೆ ಕಾರಣವೂ ಇದೆ. ಬೀಳಗಿ ಕಡೆಯಿಂದ ಬಂದ ಡಾ. ಎಂ. ಸಿ. ಮೋದಿಯವರು (1916-2005) ಊರೂರು ತಿರುಗಿ ಶಿಬಿರ ಹಾಕಿ ಪೊರೆ ತೆಗೆದ ಕಾಲದಿಂದ, ಕುರುಡಾದ ಅಜ್ಜ ಅಜ್ಜಿಯರು ಕಣ್ಣು ಪಡೆದು ನಡೆದುಕೊಂಡು ಮನೆಗೆ ಬಂದುದನ್ನು ಕಂಡ ನಾಡು ಇದು. ಹುಬ್ಬಳ್ಳಿಯಲ್ಲೇ ದೊಡ್ಡ ಕಣ್ಣಿನ ಆಸ್ಪತ್ರೆಗಳಿವೆ, ಕಿಮ್ಸ್ ಇದೆ. ಹೀಗಾಗಿ ಕಣ್ಣು ಎಂದರೆ ಹೋದರೆ ಡಾಕ್ಟರು ತಿರುಗಿ ಕೊಡುವ ವಸ್ತು ಎಂಬ ಭಾವನೆ ಒಳಗೊಳಗೇ ಕುಳಿತುಬಿಟ್ಟಿದೆ. ಪೊರೆಯ ಮಾತು ಬೇರೆ. ಅಲ್ಲಿ ಮಸುಕಾದ ಮಸೂರ ತೆಗೆದು ಹೊಸದನ್ನು ಇಟ್ಟರೆ ಹಿಂದಿನ ಅಕ್ಷಿಪಟಲ ಗಟ್ಟಿಮುಟ್ಟಾಗಿ ಕಾದಿರುತ್ತದೆ. ಹರಿದ ಕಣ್ಣಿನ ಕಥೆ ಹಾಗಲ್ಲ. ಹೊಲಿಯುತ್ತಾರೆ, ಕಾರ್ನಿಯಾ ಬದಲಿಸುತ್ತಾರೆ, ಯಾರೋ ಪುಣ್ಯಾತ್ಮರು ಸತ್ತ ಮೇಲೆ ಕೊಟ್ಟ ಕಣ್ಣು ಸಿಕ್ಕರೆ ಒಂದಿಷ್ಟು ನೋಟ ಬರಲೂಬಹುದು. ಆದರೆ ಮೊದಲಿದ್ದದ್ದು ಬರುವ ಭರವಸೆ ಇಲ್ಲ.

ಒಂದು ಕಣ್ಣಿಗೆ ಆದ ಪೆಟ್ಟು ಇನ್ನೊಂದನ್ನೂ ಒಯ್ದ ಉದಾಹರಣೆ ಜಗತ್ತಿಗೆಲ್ಲ ಗೊತ್ತಿರುವುದೇ. 1812ರಲ್ಲಿ ಪ್ಯಾರಿಸ್ಸಿನ ಹತ್ತಿರದ ಕುಪ್ವ್ರೇ ಎಂಬ ಊರಿನಲ್ಲಿ, ಕುದುರೆಯ ಜೀನು ಹೊಲಿಯುವವನೊಬ್ಬನ ಕಾರ್ಯಾಗಾರದಲ್ಲಿ ಮೂರು ವರ್ಷದ ಮಗ ಅಪ್ಪನ ಸಲಕರಣೆ ಹಿಡಿದು ಆಡುತ್ತಿದ್ದ. ಚರ್ಮಕ್ಕೆ ತೂತು ಹಾಕುವ ಚೂಪು ಮೊನೆ ಜಾರಿ ಕಣ್ಣಿಗೆ ಹೊಕ್ಕಿತು. ಉರಿಯೂತ ಎರಡನೆಯ ಕಣ್ಣಿಗೂ ಹಬ್ಬಿ ಐದು ವರ್ಷ ತುಂಬುವುದರೊಳಗೆ ಹುಡುಗ ಪೂರ್ತಿ ಕುರುಡನಾದ. ಅವನು ಲೂಯಿ ಬ್ರೈಲ್. ಅವನು ದೊಡ್ಡವನಾಗಿ ಕುರುಡರಿಗೆ ಲಿಪಿ ಕೊಟ್ಟ ಎಂದು ಹೇಳುವಾಗ ನಾವು ಆ ಕಾರ್ಯಾಗಾರವನ್ನು ಮರೆಯುತ್ತೇವೆ.

ಇರಲಿ, ಅಂಗಡಿಗೆ ಹೋಗೋಣ. ಕೆಲಸದ ಕನ್ನಡಕ ಕೊಳ್ಳುವ ಮೊದಲು ಬೆಲೆಯನ್ನಲ್ಲ, ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ನನ್ನ ಕೆಲಸದಲ್ಲಿ ಕಣ್ಣಿನ ಕಡೆಗೆ ಬರುವುದು ಏನು? ಚೂರೋ, ಬೆಳಕೋ, ಪುಡಿಯೋ, ನೀರೋ? ಒಂದಕ್ಕೆ ಆದದ್ದು ಇನ್ನೊಂದಕ್ಕೆ ಆಗುವುದಿಲ್ಲ. ಎಲ್ಲಕ್ಕೂ ಆಗುವ ಗಾಗಲ್ ಇದೆ ಎಂದು ಅಂಗಡಿಯವ ಹೇಳಿದರೆ ಅವನಿಗೆ ನಮಸ್ಕಾರ ಹಾಕಿ ಮುಂದಿನ ಅಂಗಡಿಗೆ ಹೋಗಿ.

ಚೂರು ಹಾರುವ ಕೆಲಸಕ್ಕೆ, ಅಂದರೆ ಗ್ರೈಂಡರ್, ಲೇಥ್, ಡ್ರಿಲ್ಲು, ಚಾಣ, ಕಲ್ಲು ಕಡಿಯುವುದು, ಕಟ್ಟಿಗೆ ಕೊಯ್ಯುವುದು, ಇವಕ್ಕೆ ಬೇಕಾದುದು ಬಿಳಿಯ, ಅಂದರೆ ಬಣ್ಣವಿಲ್ಲದ ಪಾಲಿಕಾರ್ಬೊನೇಟ್ ಕನ್ನಡಕ. ಇದು ಗಾಜಲ್ಲ, ಒಂದು ಜಾತಿಯ ಪ್ಲಾಸ್ಟಿಕ್ಕು. ಪೆಟ್ಟಿಗೆ ಬಾಗೀತು, ಗೀರು ಬಿದ್ದೀತು, ಮಾಮೂಲಿ ಗಾಜಿನಂತೆ ಒಡೆದು ಅದೇ ಕಣ್ಣಿಗೆ ಚುಚ್ಚುವುದಿಲ್ಲ. ಎರಡೂ ಪಕ್ಕದಲ್ಲಿ ಗೋಡೆಯಂಥ ಮರೆ ಇರಲೇಬೇಕು. ನೆಟ್ಟಗೆ ಎದುರಿನಿಂದ ಬರುವ ಚೂರಿಗಿಂತ, ಪಕ್ಕದವನು ಹಾರಿಸಿದ್ದು, ಗೋಡೆಗೆ ಬಡಿದು ತಿರುಗಿದ್ದು ಕಪಾಲದ ಕಡೆಯಿಂದ ನುಗ್ಗಿ ಬರುವುದು ನಮ್ಮ ಇಕ್ಕಟ್ಟಿನ ಶೆಡ್ಡುಗಳಲ್ಲಿ ಹೆಚ್ಚು. ಗ್ರೈಂಡರಿಗಾದರೆ ಕನ್ನಡಕದ ಮೇಲೆ ಮುಖ ಮುಚ್ಚುವ ಪಾರದರ್ಶಕ ಗುರಾಣಿಯೂ ಇದ್ದರೆ ಒಳ್ಳೆಯದು, ಚಕ್ರವೇ ಒಡೆದರೆ ಗಲ್ಲ, ಹಲ್ಲು ಉಳಿಯುತ್ತವೆ. ಆದರೆ ಗುರಾಣಿ ಇದೆಯೆಂದು ಕನ್ನಡಕ ಬಿಡುವಂತಿಲ್ಲ. ಗುರಾಣಿ ಎತ್ತಿದ ಆ ಒಂದು ಕ್ಷಣವೇ ಚೂರಿಗೆ ಮುಹೂರ್ತ.

ಗಟ್ಟಿ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಅಂಗಡಿಯವ ಅದರ ಮೇಲೆ ನಿಂತು ತೋರಿಸಬೇಕಿಲ್ಲ. ಚೌಕಟ್ಟಿನ ಮೇಲೆ ಅಥವಾ ಮಸೂರದ ಅಂಚಿನಲ್ಲಿ ಸಣ್ಣ ಅಕ್ಷರಗಳಿರುತ್ತವೆ, ಚಾಳೀಸು ಬಂದವರು ಮಗನಿಂದ ಓದಿಸಿಕೊಳ್ಳಿ. ನಮ್ಮ ದೇಶದ ಮಾನಕದ ಸಂಖ್ಯೆ ಐ.ಎಸ್. 5983. ಅಮೆರಿಕದ್ದಾದರೆ ಝಡ್ 87, ಮುಂದೆ ಪ್ಲಸ್ ಗುರುತಿದ್ದರೆ ಜೋರು ಪೆಟ್ಟಿಗೂ ತಡೆಯುತ್ತದೆ ಎಂದರ್ಥ. ಯುರೋಪಿನ ಇ.ಎನ್. 166 ಎಂಬ ಹಳೆಯ ಮಾನಕದ ಗುರುತು ಇನ್ನೂ ಬಹಳ ಕನ್ನಡಕಗಳ ಮೇಲೆ ಸಿಗುತ್ತದೆ. ಅದರಲ್ಲಿ ಎಫ್ ಅಕ್ಷರವಿದ್ದರೆ, 6 ಮಿಲಿಮೀಟರಿನ ಉಕ್ಕಿನ ಗುಂಡನ್ನು ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಹೊಡೆದು ಪರೀಕ್ಷಿಸಿದ್ದಾರೆ. ಬಿ ಇದ್ದರೆ 120 ಮೀಟರ್. ಏನೂ ಅಕ್ಷರವಿಲ್ಲದೆ ಬರೀ ಥಳಥಳ ಹೊಳೆಯುವುದಾದರೆ ಅದು ಜಾತ್ರೆಗೆ ಲಾಯಕ್ಕು.

ಬೆಳಕಿನ ಕೆಲಸದ್ದು, ಅಂದರೆ ವೆಲ್ಡಿಂಗಿನದು, ಬೇರೆಯೇ ಪುರಾಣ. ಇಲ್ಲಿ ಕಪ್ಪು ಗಾಜು ಬೇಕು, ಆದರೆ ನಂಬರಿನ ಕಪ್ಪು ಗಾಜು. ಗ್ಯಾಸ್ ವೆಲ್ಡಿಂಗಿಗೆ ಸಾಮಾನ್ಯವಾಗಿ 5ರ ಆಸುಪಾಸು, ಕರೆಂಟಿನ ವೆಲ್ಡಿಂಗಿಗೆ 10 ಅಥವಾ 11, ಆಂಪಿಯರ್ ಏರಿದಂತೆ ಇನ್ನೂ ಮೇಲೆ. ಗ್ಯಾಸಿನವನ ದುಂಡು ಗಾಗಲ್ ಹಾಕಿಕೊಂಡು ಕರೆಂಟಿನ ರಾಡ್ ಹಚ್ಚಿದರೆ ಅದು ರಕ್ಷಣೆಯಲ್ಲ. ತಳ್ಳುಗಾಡಿಯ ಕೂಲಿಂಗ್ ಗ್ಲಾಸ್ ಇನ್ನೂ ಅಪಾಯ. ಯಾವ ಗುಣಮಟ್ಟವೂ ಇಲ್ಲದ ಕಪ್ಪು ಹಾಳೆಯ ಹಿಂದೆ ಪಾಪೆ ಕತ್ತಲೆಂದು ತಿಳಿದು ಅಗಲವಾಗಿ ತೆರೆದುಕೊಳ್ಳುತ್ತದೆ, ಅತಿನೇರಳೆ ಕಿರಣಗಳಿಗೆ ಬಾಗಿಲು ತೆರೆದು ಕರೆದಂತಾಗುತ್ತದೆ. ಇದರಲ್ಲೊಂದು ತಮಾಷೆ ಇದೆ. ಅತಿನೇರಳೆ ಕಿರಣವನ್ನು ಬಣ್ಣವಿಲ್ಲದ ಪಾಲಿಕಾರ್ಬೊನೇಟೇ ಬಹುಪಾಲು ತಡೆಯುತ್ತದೆ. ಹಾಗೆಂದು ಅದರಿಂದ ವೆಲ್ಡಿಂಗ್ ನೋಡುವಂತಿಲ್ಲ, ಕಣ್ಣು ಕುಕ್ಕುವ ಬೆಳಕನ್ನು ಅದು ತಡೆಯದು. ಆದರೆ ಪಕ್ಕದಲ್ಲಿ ಪಟ್ಟಿ ಹಿಡಿದು ನಿಲ್ಲುವ ಸಹಾಯಕನಿಗೆ ಅದೂ ಇಲ್ಲದಿರುವುದು ನಮ್ಮಲ್ಲಿ ಸಾಮಾನ್ಯ. ಮಿಸ್ತ್ರಿಯ ಕೈಯಲ್ಲಿ ಪರದೆ ಇರುತ್ತದೆ, ಹುಡುಗನ ಕೈಯಲ್ಲಿ ಪಟ್ಟಿ ಮಾತ್ರ.

ಆ ಹುಡುಗ ರಾತ್ರಿ ಊಟ ಮಾಡಿ ಮಲಗುತ್ತಾನೆ. ನಡುರಾತ್ರಿಗೆ ಎದ್ದು ಕೂರುತ್ತಾನೆ, ಕಣ್ಣಲ್ಲಿ ಮುಷ್ಟಿ ಉಸುಕು ಸುರಿದಂತೆ. ಬೆಳಕು ತಾಗಿದ ಆರರಿಂದ ಹನ್ನೆರಡು ತಾಸಿನ ಮೇಲೆ ನೋವು ಬರುವುದು ಇದರ ಸ್ವಭಾವ. ಹೀಗಾಗಿ ಯಾವ ತಪ್ಪಿಗೆ ಈ ಶಿಕ್ಷೆ ಎಂದು ಅವನಿಗೆ ಹೊಳೆಯುವುದೇ ಇಲ್ಲ. ಬಟಾಟೆ ಕೊಯ್ದು ಇಡುವವರು, ಎದೆಹಾಲು ಹಾಕಿಸುವವರು, ಔಷಧಿ ಅಂಗಡಿಯಿಂದ ಜೋಮು ಹಿಡಿಸುವ ಹನಿ ತಂದು ಹಾಕಿಕೊಳ್ಳುವವರು ಎಲ್ಲ ಇದ್ದಾರೆ. ಕೊನೆಯದು ಬಹಳ ಕೆಟ್ಟದ್ದು, ನೋವು ತಿಳಿಯದಂತೆ ಮಾಡಿ ಮೇಲಿಂದ ಮೇಲೆ ಹಾಕಿದರೆ ಗಾಯ ಮಾಯುವುದನ್ನೇ ನಿಲ್ಲಿಸುತ್ತದೆ. ಸಾಧಾರಣವಾಗಿ ಒಂದೆರಡು ದಿನದಲ್ಲಿ ಕಣ್ಣು ತಾನೇ ಸುಧಾರಿಸುತ್ತದೆ, ಆದರೂ ಡಾಕ್ಟರಿಗೆ ತೋರಿಸುವುದೇ ಸರಿ.

ವೆಲ್ಡಿಂಗಿನವರು ಇನ್ನೊಂದು ಕಡೆ ಎಡವುತ್ತಾರೆ. ಜೋಡಣೆ ಮುಗಿದ ಮೇಲೆ ಪರದೆ ಪಕ್ಕಕ್ಕಿಟ್ಟು, ಸಣ್ಣ ಸುತ್ತಿಗೆಯಿಂದ ಮೇಲಿನ ಕಿಟ್ಟ ಬಡಿದು ಉದುರಿಸುತ್ತಾರಲ್ಲ, ಆ ಬಿಸಿ ಚಕ್ಕೆ ನೇರ ಕಣ್ಣಿಗೇ. ಬೆಳಕಿನ ಭಯ ಹೋಯಿತೆಂದು ಕಣ್ಣನ್ನು ಬಿಚ್ಚಿಟ್ಟ ಹೊತ್ತು ಅದು. ಅದಕ್ಕೇ ಕಪ್ಪು ಪರದೆಯ ಒಳಗೆ ಬಿಳಿ ಕನ್ನಡಕವೂ ಇರಬೇಕೆನ್ನುವುದು. ಇನ್ನು ಈ ಕಪ್ಪು ಗಾಜಿಗೆ ಊರವರೆಲ್ಲ ಮುಗಿಬಿದ್ದದ್ದು 2019ರ ಡಿಸೆಂಬರ್ 26ರ ಕಂಕಣ ಗ್ರಹಣದ ಹೊತ್ತಿಗೆ. ಸೂರ್ಯನನ್ನು ನೋಡಲು 14ನೇ ನಂಬರ್ ಬೇಕು ಎಂದು ಶಾಲೆಯ ಹುಡುಗರಿಗೂ ಗೊತ್ತಿತ್ತು. ವರ್ಷವಿಡೀ ಅದರ ಹಿಂದೆ ಬದುಕುವವನಿಗೆ ಮಾತ್ರ ತನ್ನ ಗಾಜಿನ ನಂಬರ್ ಕೇಳಿದರೆ, "ಕರೇದು ಐತ್ರಿ" ಎನ್ನುತ್ತಾನೆ.

ಪುಡಿ ಮತ್ತು ನೀರಿಗೆ ಬರೀ ಕನ್ನಡಕ ಸಾಲದು, ಮುಖಕ್ಕೆ ಸುತ್ತಲೂ ಅಂಟಿ ಕೂರುವ, ಹಿಂದೆ ಪಟ್ಟಿ ಇರುವ ಮುಚ್ಚಿದ ಗಾಗಲ್ ಬೇಕು. ಗಾಳಿಯಾಡುವ ಕಿಂಡಿಗಳು ನೇರ ತೂತುಗಳಾಗಿರದೆ ಮರೆಯಲ್ಲಿರಬೇಕು, ಇಲ್ಲವಾದರೆ ಒಳಗೇ ಬಂದು ಸೇರುತ್ತದೆ. ಬ್ಯಾಟರಿ ಅಂಗಡಿಯ ಗಂಧಕಾಮ್ಲ, ಬಂಗಾರದ ಕೆಲಸದವರ ನೈಟ್ರಿಕ್ ಆಮ್ಲ ಇವುಗಳ ಭಯ ಎಲ್ಲರಿಗೂ ಇದೆ. ಸುಣ್ಣದ ಭಯ ಯಾರಿಗೂ ಇಲ್ಲ. ದೀಪಾವಳಿಗೆ ಗೋಡೆಗೆ ಬಳಿಯುವ ಸುಣ್ಣ, ತಂಬಾಕಿನ ಸುಣ್ಣದ ಡಬ್ಬಿ, ಸಿಮೆಂಟು ಇವೆಲ್ಲ ಕ್ಷಾರ. ಆಮ್ಲ ತಾಗಿದ ಜಾಗದಲ್ಲಿ ಹೆಪ್ಪುಗಟ್ಟಿ ತನ್ನ ದಾರಿಗೆ ತಾನೇ ಒಂದಿಷ್ಟು ಅಡ್ಡ ಹಾಕಿಕೊಳ್ಳುತ್ತದೆ. ಕ್ಷಾರ ಹಾಗಲ್ಲ, ಕರಗಿಸುತ್ತ ಒಳಗೊಳಗೇ ಇಳಿಯುತ್ತದೆ. ಸುಣ್ಣ ಬಿದ್ದರೆ ಎಣ್ಣೆ, ತುಪ್ಪ, ನಿಂಬೆರಸ ಎಂದು ಹುಡುಕದೆ ನಲ್ಲಿಯ ಕೆಳಗೆ ಕಣ್ಣು ಹಿಡಿದು, ರೆಪ್ಪೆ ಬಿಡಿಸಿ, ಅರ್ಧ ತಾಸು ನೀರು ಬಿಡಬೇಕು. ಕಣ್ಣೊಳಗೆ ಸಿಕ್ಕಿಕೊಂಡ ಸುಣ್ಣದ ಕಣಗಳೂ ಕೊಚ್ಚಿ ಹೋಗಬೇಕು. ಆಸ್ಪತ್ರೆಗೆ ಓಡುವುದು ಆಮೇಲೆ. ಆದರೆ ಚೂಪಾದ ವಸ್ತು ಚುಚ್ಚಿ ನಿಂತಿದ್ದರೆ ಇದರ ತಿರುವು: ನೀರೂ ಬೇಡ, ಒತ್ತುವುದೂ ಬೇಡ, ಕೀಳುವುದಂತೂ ಬೇಡವೇ ಬೇಡ. ಮೇಲೊಂದು ಕಾಗದದ ಲೋಟ ಬೋರಲು ಹಿಡಿದು ಹಾಗೇ ಕರೆದೊಯ್ಯಬೇಕು.

ಇಷ್ಟೆಲ್ಲ ತಿಳಿದು ಒಳ್ಳೆಯದನ್ನೇ ತಂದುಕೊಟ್ಟರೂ ಅದು ಮತ್ತೆ ಹಣೆಗೆ ಏರುವುದು ಏಕೆ? ಕೆಲಸಗಾರನಿಗೆ ಕಣ್ಣಿನ ಮೇಲೆ ಆಸೆಯಿಲ್ಲವೆಂದಲ್ಲ. ಏಪ್ರಿಲ್ ತಿಂಗಳಲ್ಲಿ ತಗಡಿನ ಶೆಡ್ಡಿನೊಳಗೆ ಕುಳಿತರೆ ಬೆವರು ಹರಿದು ಗಾಜಿಗೆ ಆವಿ ಕಟ್ಟುತ್ತದೆ. ಮೂಗಿನ ಮೇಲೆ ನಿಲ್ಲದೆ ಜಾರುತ್ತದೆ. ಕಿವಿಯ ಹಿಂದೆ ಕಡಿಯುತ್ತದೆ. ಆವಿ ಒರೆಸಲು ಸಿಗುವುದು ಕಬ್ಬಿಣದ ಪುಡಿ ತುಂಬಿದ ಅದೇ ಬನಿಯನ್ ಚೂರು, ನಾಲ್ಕು ಸಲ ಒರೆಸಿದರೆ ಮಸೂರದ ತುಂಬ ಗೀರು. ಗೀರಿನ ಹಿಂದಿನಿಂದ ಕೆಲಸ ಕಾಣದು, ಎಣಿಕೆಯ ಮೇಲೆ ಕೂಲಿ ಪಡೆಯುವವನಿಗೆ ಕಾಣದಿದ್ದರೆ ದಿನದ ದುಡ್ಡು ಹೋಯಿತು. ಹೀಗಾಗಿ ಕೊಳ್ಳುವಾಗ ಹಾಕಿಕೊಳ್ಳುವವನನ್ನೇ ಅಂಗಡಿಗೆ ಕರೆದುಕೊಂಡು ಹೋಗಬೇಕು, ಡಜನ್ ಲೆಕ್ಕದಲ್ಲಿ ತಂದು ಹಂಚುವುದಲ್ಲ. ಹಾಕಿಕೊಂಡು ತಲೆ ಬಗ್ಗಿಸಿ ಜೋರಾಗಿ ಅಲ್ಲಾಡಿಸಲಿ, ಬೀಳಬಾರದು. ಹುಬ್ಬಿನ ಮೇಲೆ, ಗಲ್ಲದ ಮೇಲೆ ಕಿರುಬೆರಳು ತೂರುವಷ್ಟು ಸಂದು ಇರಬಾರದು. ಆವಿ ಕಟ್ಟದ ಲೇಪವಿರುವ ಮಸೂರ ಸಿಗುತ್ತದೆ, ಹತ್ತಿಪ್ಪತ್ತು ರೂಪಾಯಿ ಹೆಚ್ಚಾದರೂ ಅದನ್ನೇ ಕೊಡಿಸಿ. ದಿನಕ್ಕೊಮ್ಮೆ ಸಾಬೂನು ನೀರಲ್ಲಿ ತೊಳೆಯಲಿ, ಒಣ ಬಟ್ಟೆಯಿಂದ ಉಜ್ಜಬಾರದು. ಪೇಂಟಿನ ಕಲೆ ತೆಗೆಯಲು ಥಿನ್ನರ್ ಹಚ್ಚಿದರೆ ಪಾಲಿಕಾರ್ಬೊನೇಟ್ ಬಿರುಕು ಬಿಡುತ್ತದೆ. ಕೊರಳಿಗೆ ದಾರ ಕಟ್ಟಿದರೆ ಹಣೆಗೆ ಏರುವ ಬದಲು ಎದೆಗೆ ಇಳಿಯುತ್ತದೆ, ಕಳೆಯುವುದೂ ಇಲ್ಲ. ಒಬ್ಬೊಬ್ಬರಿಗೆ ಒಂದೊಂದು. ಒಂದನ್ನೇ ಮೂವರು ಹಾಕಿಕೊಂಡರೆ ಕಣ್ಣು ಬೇನೆಯ ದಿನಗಳಲ್ಲಿ ಇಡೀ ಶೆಡ್ಡು ಕೆಂಪು ಕಣ್ಣು ಮಾಡಿಕೊಂಡು ಕೂರುತ್ತದೆ.

ನಲವತ್ತು ದಾಟಿದವರ ಕಷ್ಟ ಯಾರೂ ಗಮನಿಸುವುದಿಲ್ಲ. ಚಾಳೀಸು ಬಂದವನಿಗೆ ಹತ್ತಿರದ್ದು ಮಸುಕು, ಅದಕ್ಕೇ ಬಗ್ಗಿ ಬಗ್ಗಿ ಮುಖವನ್ನು ಚಕ್ರಕ್ಕೆ ಇನ್ನೂ ಹತ್ತಿರ ಒಯ್ಯುತ್ತಾನೆ. ಓದುವ ಕನ್ನಡಕ ಹಾಕಿಕೊಂಡಿದ್ದರೆ ಅದೇ ರಕ್ಷಣೆ ಎಂದುಕೊಳ್ಳುತ್ತಾನೆ. ಅದಕ್ಕೆ ಪಕ್ಕದ ಮರೆಯಿಲ್ಲ, ಗಾಜಿನದ್ದಾದರೆ ಒಡೆದು ತಾನೇ ಚೂರಾಗುತ್ತದೆ. ನಂಬರಿನ ಕನ್ನಡಕದ ಮೇಲೆಯೇ ಕೂರುವ ಅಗಲದ ಗಾಗಲ್ ಇವೆ. ಇಲ್ಲವೇ ನಂಬರನ್ನೇ ಪಾಲಿಕಾರ್ಬೊನೇಟಿನಲ್ಲಿ ಮಾಡಿಸಿ ಗಟ್ಟಿ ಚೌಕಟ್ಟಿಗೆ ಹಾಕಿಸಬಹುದು.

ಕಾನೂನು ಏನೆನ್ನುತ್ತದೆ ಎಂದು ಕೇಳುವವರಿಗೆ: 1948ರ ಕಾರ್ಖಾನೆ ಕಾಯ್ದೆಯಲ್ಲಿ ಕಣ್ಣಿಗೆಂದೇ ಒಂದು ಕಲಮಿತ್ತು, 35ನೆಯದು. ಚೂರು ಸಿಡಿಯುವ, ಕಣ್ಣು ಕುಕ್ಕುವ ಕೆಲಸಗಳಿಗೆ ತಕ್ಕ ಪರದೆ ಅಥವಾ ಗಾಗಲ್ ಒದಗಿಸುವಂತೆ ನಿಯಮ ಮಾಡುವ ಅಧಿಕಾರವನ್ನು ಅದು ರಾಜ್ಯ ಸರ್ಕಾರಕ್ಕೆ ಕೊಟ್ಟಿತ್ತು. ವಿದ್ಯುತ್ ಬಳಸುವಲ್ಲಿ 10 ಜನರಿದ್ದರೆ ಅದು ಕಾರ್ಖಾನೆ. 2020ರ ಹೊಸ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದು ಅದರ ಜಾಗ ಹಿಡಿದ ಮೇಲೆ, ಕಾರ್ಖಾನೆ ಎನಿಸಿಕೊಳ್ಳಲು 20 ಜನ ಬೇಕು. ತಾರಿಹಾಳ, ಬೇಲೂರು ಕಡೆಯ ದೊಡ್ಡ ಕಾರ್ಖಾನೆಗಳ ಲೆಕ್ಕ ಬೇರೆ. ದುರ್ಗದಬೈಲಿನ ಸುತ್ತಲಿನ ಓಣಿಗಳಲ್ಲಿ, ಒಬ್ಬ ಮಾಲಕ, ಒಬ್ಬ ಮಿಸ್ತ್ರಿ, ಇಬ್ಬರು ಹುಡುಗರು ಇರುವ ಶೆಡ್ಡು ಹಿಂದೆಯೂ ಕಾರ್ಖಾನೆಯಾಗಿರಲಿಲ್ಲ, ಈಗಲೂ ಅಲ್ಲ. ಗಾಯವಾದ ಮೇಲಿನ ಲೆಕ್ಕವೂ ಇದೆ. 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಒಂದು ಕಣ್ಣು ಹೋಗಿ ಇನ್ನೊಂದು ಸರಿಯಿದ್ದರೆ ದುಡಿಮೆಯ ಶಕ್ತಿ ಶೇ. 40 ಹೋಯಿತು ಎಂದು, ಗುಡ್ಡೆ ಉಳಿದು ನೋಟ ಮಾತ್ರ ಹೋದರೆ ಶೇ. 30 ಎಂದು ಬರೆದಿದ್ದರು. ಒಂದೇ ಕಣ್ಣಿನವನಿಗೆ ದೂರ ಹತ್ತಿರದ ಅಂದಾಜು ತಪ್ಪುತ್ತದೆ, ಚಾಣದ ತಲೆಯ ಬದಲು ಸುತ್ತಿಗೆ ಬೆರಳಿನ ಮೇಲೆ ಬೀಳುತ್ತದೆ. ಅಂಥವನನ್ನು ಯಾವ ಮಿಸ್ತ್ರಿ ಕೆಲಸಕ್ಕೆ ಇಟ್ಟುಕೊಳ್ಳುತ್ತಾನೆ, ಅವನಿಗೆ ಉಳಿದ ಶೇ. 60 ಎಲ್ಲಿದೆ ಎಂಬುದು ಪಟ್ಟಿ ಬರೆದವರ ಕೆಲಸವಾಗಿರಲಿಲ್ಲ.

ಹಬ್ಬ ಕಳೆದ ಮೇಲೆ ಆ ಶಟರಿನ ಮಾಲಕರನ್ನು ಹುಡುಕಿಕೊಂಡು ಹೋದೆ. ಒಳ್ಳೆಯ ಮನುಷ್ಯ. ಬೈಯುತ್ತಾರೆಂದುಕೊಂಡಿದ್ದೆ, ಚಹಾ ತರಿಸಿದರು. ಹಾರ್ಡ್‌ವೇರ್ ಅಂಗಡಿಗೆ ಹುಡುಗರನ್ನೂ ಕರೆದುಕೊಂಡು ಜೊತೆಗೇ ಹೋಗಿ, ಪಕ್ಕದಲ್ಲಿ ಮರೆ ಇದ್ದ ಬಿಳಿ ಕನ್ನಡಕ ಮೂರು ತಂದೆವು. ಒಂದೊಂದು ಇನ್ನೂರು ರೂಪಾಯಿಯ ಒಳಗೇ ಬಂತು. ಹುಡುಗ ಹಾಕಿಕೊಂಡು ತಲೆ ಅಲ್ಲಾಡಿಸಿ, "ಕಾಣತೈತ್ರಿ ಕಾಕಾ!" ಎಂದ, ಏನೋ ಮೋಸ ಬಯಲಾದವನಂತೆ.

ಎರಡು ವಾರ ಬಿಟ್ಟು ಹೋದಾಗ ಅವನ ಮುಖ ಮತ್ತೆ ಬರಿದಾಗಿತ್ತು. ಹಣೆಯ ಮೇಲೂ ಏನಿರಲಿಲ್ಲ.

"ಎಲ್ಲಿ ಹೋತಪಾ?"

ನೆಲ ನೋಡಿದ. ಮಾಲಕರು, "ಕಳದಾನ್ರಿ, ಇನ್ನೊಂದು ತರಬೇಕು" ಎಂದರು. ಅವರು ಒಳಗೆ ಹೋದ ಮೇಲೆ ಹುಡುಗ ಮೆಲ್ಲಗೆ ಹೇಳಿದ: "ಕಳದಿಲ್ರಿ. ನಮ್ಮಪ್ಪಗ ಕೊಟ್ಟೇನಿ. ಖಾರದ ಗಿರಣ್ಯಾಗ ಇರ್ತಾರ್ರಿ ಅವರು. ಶಿವರಾತ್ರಿ ಆತಂದ್ರ ದಿನಾ ಕಣ್ಣ ಉರೀತಾವ ಅಂತ ರಾತ್ರಿ ಮಲಗಂಗಿಲ್ರಿ."

ಬ್ಯಾಡಗಿ ಮೆಣಸಿನಕಾಯಿ ಕುಟ್ಟಿಸಲು ಬರುವವರು ಸೆರಗನ್ನೋ ಟವೆಲ್ಲನ್ನೋ ಮೂಗಿಗೆ ಹಿಡಿದು ಹೊರಗೆ ನಿಲ್ಲುವುದನ್ನು ನಾನೂ ಕಂಡಿದ್ದೇನೆ, ಒಳಗೆ ನಿಂತವನ ಕಣ್ಣಿನ ಬಗ್ಗೆ ಯೋಚಿಸಿದ್ದಿಲ್ಲ. ಅವರಪ್ಪನಿಗೆ ಈ ಕನ್ನಡಕ ಆಗುವುದಿಲ್ಲ, ಸುತ್ತಲೂ ಸಂದು ಇದೆ, ಖಾರದ ಧೂಳು ಒಳಗೆ ಹೋಗುತ್ತದೆ, ಮುಚ್ಚಿದ್ದು ಬೇಕು ಎಂದು ಹೇಳಿದೆ. ಇಬ್ಬರೂ ಮತ್ತೆ ಅದೇ ಹಾರ್ಡ್‌ವೇರ್ ಅಂಗಡಿಗೆ ಹೋದೆವು. ಹುಡುಗನಿಗೆ ಒಂದು ಬಿಳಿಯದು ಸಿಕ್ಕಿತು. ಮುಚ್ಚಿದ ಗಾಗಲ್ ಕೇಳಿದ್ದಕ್ಕೆ ಅಂಗಡಿಯವರು ಮೇಲಿನ ಖಾನೆಗಳನ್ನೆಲ್ಲ ತಡಕಾಡಿ, ಕೈ ಝಾಡಿಸಿಕೊಂಡು, "ಅದನ್ನ ಯಾರೂ ಕೇಳೂದಿಲ್ರಿ, ತರಸಬೇಕು. ಸೋಮವಾರ ಬರ್ರಿ" ಎಂದರು. ಹುಡುಗ ಜೇಬಿನಿಂದ ನೂರರ ನೋಟು ತೆಗೆದು ಮುಂಗಡವೆಂದು ಗಲ್ಲಾದ ಮೇಲಿಟ್ಟ.